ಮೇಲಿಂದ ಕಾಣುವ ಕೈ

ಡಿಸೆಂಬರ್ 2, ಮಂಗಳವಾರ

ಇವತ್ತು ನಾನು ಶಶಿಕುಮಾರ್ ಅವರ ಕುರ್ಚಿಯ ಮೇಲೆ ಒಂದು ಟ್ಯಾಂಕ್ ಇಳಿಸಿದೆ.

ಬೇಕೆಂದು ಇಳಿಸಿದ್ದಲ್ಲ. ನಾನು ಕ್ರೇನ್ ಮುಟ್ಟಿದವಳೂ ಅಲ್ಲ. ನಮ್ಮ ಕಾರ್ಖಾನೆಯಲ್ಲಿ ತಯಾರಾದ ಕಬ್ಬಿಣದ ಟ್ಯಾಂಕುಗಳ ಮೇಲೆ ಬ್ರಷ್ಷಿನಿಂದ ನಂಬರ್ ಬರೆಯುವುದು ನನ್ನ ಕೆಲಸ. ಕ್ರೇನ್ ನಡೆಸುವವನು ಯಮನೂರ. ಪೀಣ್ಯದಲ್ಲಿ ಈಗ ಬಹಳ ಕಡೆ ಕೆಳಗೆ ನಿಂತು ರಿಮೋಟ್ ಒತ್ತುತ್ತಾರೆ. ನಮ್ಮ ಕ್ರೇನ್ ಮಾಲೀಕರ ತಂದೆಯ ಕಾಲದ್ದು, ಆದ್ದರಿಂದ ಯಮನೂರ ಚಾವಣಿಯ ಹತ್ತಿರ ಹಳಿಯ ಮೇಲೆ ಓಡಾಡುವ ಕ್ಯಾಬಿನ್ನಿನಲ್ಲಿ ಕೂರುತ್ತಾನೆ. ಅಷ್ಟು ಎತ್ತರಕ್ಕೆ ಯಾರ ಮಾತೂ ಕೇಳಿಸುವುದಿಲ್ಲ. ಕೆಳಗೆ ಹಳದಿ ವೃತ್ತದಲ್ಲಿ ಸಂಗಣ್ಣ ನಿಂತು ಕೈಸನ್ನೆ ಮಾಡುತ್ತಾರೆ. ತೋರುಬೆರಳನ್ನು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು.

ನನ್ನ ಎಡಗೈ ತೋರುಬೆರಳು ಕೆಳಮುಖವಾಗಿ ತಿರುಗುತ್ತಲೇ ಇರುತ್ತದೆ. ನನಗೆ ಬುದ್ಧಿ ಬಂದಾಗಿನಿಂದಲೂ ತಿರುಗುತ್ತಿದೆ.

ಸಂಗಣ್ಣ ನೀರು ಕುಡಿಯಲು ಹೋಗಿದ್ದರು. ಟ್ಯಾಂಕ್ ಗಾಳಿಯಲ್ಲಿ ತೂಗುತ್ತಿತ್ತು. ನಾನು ಮುಂದಿನ ನಂಬರ್ ಯಾವುದೆಂದು ಯೋಚಿಸುತ್ತ ಹೋಗಿ ಅವರ ವೃತ್ತದಲ್ಲಿ ನಿಂತೆ. ಮೇಲಿದ್ದವನಿಗೆ ಕಂಡದ್ದು ವೃತ್ತದ ನಡುವೆ ಒಂದು ಹಳದಿ ಹೆಲ್ಮೆಟ್ಟು, ಇಳಿಸು ಇಳಿಸು ಎನ್ನುತ್ತಿರುವ ಒಂದು ಬೆರಳು. ಅವನು ಇಳಿಸಿದ. ಕುರ್ಚಿ ಪ್ಲಾಸ್ಟಿಕ್ಕಿನದು. ಮೊದಲು ನಾಲ್ಕೂ ಕಾಲು ಅಗಲಿಸಿತು, ಆಮೇಲೆ ಚಪ್ಪಟೆಯಾಯಿತು.

ಶಶಿಕುಮಾರ್ ನಮ್ಮ ಮ್ಯಾನೇಜರ್. ಅವರು ಕುರ್ಚಿಯಲ್ಲಿ ಇರಲಿಲ್ಲ, ಟೀ ತರಲು ಎದ್ದು ಹೋಗಿದ್ದರು. ಲೋಟ ಹಿಡಿದು ಬಂದವರು ಕುಡಿಯದೆ ಬಹಳ ಹೊತ್ತು ಟ್ಯಾಂಕನ್ನೇ ನೋಡುತ್ತ ನಿಂತರು.

ಡಿಸೆಂಬರ್ 3, ಬುಧವಾರ

ಶಶಿಕುಮಾರ್ ಕರೆದು ಕೇಳಿದರು. ನರದ ತೊಂದರೆಯೋ, ಫಿಟ್ಸೋ, ಮನೆಯಲ್ಲಿ ಏನಾದರೂ ಚಿಂತೆಯೋ ಎಂದರು. ಅಭ್ಯಾಸ ಸರ್ ಎಂದೆ.

ಅಭ್ಯಾಸವಲ್ಲ. ಎರಡು ವರ್ಷದ ಕೆಳಗೆ ಒಬ್ಬ ಡಾಕ್ಟರು ಇದಕ್ಕೆ ಹೆಸರು ಕೊಟ್ಟಿದ್ದಾರೆ, ಆಟಿಸಂ ಎಂದು. ಕೈ ಆಡಿಸುವುದಕ್ಕೂ ಬೇರೆ ಹೆಸರಿದೆ, ಸ್ಟಿಮ್ಮಿಂಗ್. ತಲೆಯೊಳಗಿನ ಗದ್ದಲ ಬೆರಳಿನ ಮೂಲಕ ಹೊರಗೆ ಹೋಗುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ. ಹೆಸರು ಸಿಕ್ಕಿದ ಮೇಲೆ ನಾನೂ ಸರಿಹೋಗುತ್ತೇನೆಂದು ಅಕ್ಕ ಕಾದಳು. ಬೆರಳು ಮೊದಲಿನ ಹಾಗೆಯೇ ತಿರುಗುತ್ತಿದೆ. ಕಾರ್ಖಾನೆಯಲ್ಲಿ ಯಾರಿಗೂ ಹೇಳಿಲ್ಲ.

ಶಶಿಕುಮಾರ್ ಕೆಟ್ಟವರಲ್ಲ. ಮೇಜಿನ ಆಚೆ ನಿಂತುಕೊಂಡೇ ಮಾತಾಡಿದರು, ಹೊಸ ಕುರ್ಚಿ ಇನ್ನೂ ಬಂದಿಲ್ಲ.

"ಜನವರೀಲಿ ಸೇಫ್ಟಿ ಆಡಿಟ್ ಇದೆ ಮೇಡಂ. ಅಷ್ಟರೊಳಗೆ ಆ ಕೈ ನಿಲ್ಸಿ. ಆಗಲ್ಲ ಅಂದ್ರೆ ಎಲೆಕ್ಟ್ರಾನಿಕ್ ಸಿಟಿ ಆಫೀಸ್‌ಗೆ ಹಾಕ್ತೀನಿ. ಅಲ್ಲಿ ಕ್ರೇನ್ ಇಲ್ಲ."

ಅಲ್ಲಿ ಕ್ರೇನ್ ಇಲ್ಲ ನಿಜ. ಅಲ್ಲಿರುವುದು ಬಾಗಿಲ ಬಳಿ ಒಂದು ಮೇಜು, ಒಂದು ಫೋನು, ಬಂದವರನ್ನು ನೋಡಿ ನಗುವ ಕೆಲಸ. ಇಲ್ಲಿ ಗ್ರೈಂಡರ್ ಸದ್ದು ಕರ್ಕಶ, ಆದರೆ ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಒಂದೇ ಸಮ. ಫೋನು ಯಾವಾಗ ಕಿರುಚುತ್ತದೆ ಎಂದು ಹೇಳಲು ಬರುವುದಿಲ್ಲ. ಇಲ್ಲಿ ವೆಲ್ಡಿಂಗ್ ಮಾಡುವವರ ಮುಖ ನೋಡಬಾರದು ಎಂದು ಬೋರ್ಡೇ ಹಾಕಿದ್ದಾರೆ. ಅಂಥ ಬೋರ್ಡು ಊರಲ್ಲಿ ಇನ್ನೆಲ್ಲೂ ಇಲ್ಲ. ನಾನು ಈ ಶೆಡ್ಡು ಬಿಟ್ಟು ಹೋಗಲಾರೆ.

ಯಮನೂರನಿಗೆ ಮೆಮೊ ಕೊಟ್ಟಿದ್ದಾರೆ. ಕ್ಷಮಿಸು ಎಂದು ಹೇಳಲು ಏಣಿಯ ಬುಡದಲ್ಲಿ ಕಾದೆ. ಅವನು ಕುಷ್ಟಗಿ ಕಡೆಯವನು, ನಾನು ಗದಗಿನವಳು, ಮಾತು ಸಲೀಸು. ತಪ್ಪು ತನ್ನ ಕಣ್ಣಿನದೂ ಹೌದು ಎಂದ. ಕುರ್ಚಿ ಮಾತ್ರ ಬಹಳ ಚೆನ್ನಾಗಿ ಚಪ್ಪಟೆಯಾಯಿತು, ಮೇಲಿಂದ ನೋಡಬೇಕಿತ್ತು ಎಂದ.

ಬಸ್ಸಿನಲ್ಲಿ ಎಂದಿನಂತೆ ಕಪ್ಪು ಚೀಲವನ್ನು ತೊಡೆಯ ಮೇಲಿಟ್ಟು ಅದರ ಕೆಳಗೆ ಕೈ ಇಟ್ಟುಕೊಂಡೆ. ಚೀಲ ದೊಡ್ಡದು, ಒಳಗೆ ಇರುವುದು ಒಂದು ಊಟದ ಡಬ್ಬಿ. ಚಿಕ್ಕಬಾಣಾವರದವರೆಗೂ ಬೆರಳು ಕತ್ತಲಲ್ಲಿ ತಿರುಗುತ್ತಿತ್ತು. ಪಕ್ಕದವರಿಗೆ ತಿಳಿಯಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಕೈ ನಿಲ್ಲಿಸುವ ಮೊದಲ ಉಪಾಯ: ಎರಡೂ ಕೈ ಹೊಟ್ಟೆಯ ಮುಂದೆ ಬಿಗಿಯಾಗಿ ಹೆಣೆದುಕೊಂಡು ನಿಲ್ಲುವುದು. ಮದುವೆಮನೆಗಳಲ್ಲಿ ಹೆಂಗಸರು ಹೀಗೆ ನಿಲ್ಲುವುದನ್ನು ನೋಡಿದ್ದೇನೆ. ಸಭ್ಯವಾಗಿ ಕಾಣುತ್ತದೆ.

ನಿಂತೆ. ಕ್ರೇನ್ ನಿಂತಿತು. ಸ್ವಲ್ಪ ಹೊತ್ತಿಗೆ ಹೊರಟಿತು. ನಾನು ಮತ್ತೆ ಕೈ ಹೆಣೆದುಕೊಂಡೆ, ಮತ್ತೆ ನಿಂತಿತು. ಕರೆಂಟ್ ಹೋಗಿ ಬರುತ್ತಿದೆ ಎಂದುಕೊಂಡು ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಮೂರನೇ ಸಲ ಸಂಗಣ್ಣ ನನ್ನ ಹತ್ತಿರ ಬಂದು, ನನ್ನ ಕೈ ಮುಟ್ಟದೆ ಗೋಡೆಯ ಚಾರ್ಟ್ ತೋರಿಸಿದರು. ಹೆಣೆದ ಎರಡು ಕೈಗಳ ಚಿತ್ರ. ಎಲ್ಲವನ್ನೂ ಇದ್ದಲ್ಲಿ ನಿಲ್ಲಿಸು ಎಂದು ಅರ್ಥ. ಎತ್ತು, ಇಳಿಸು ಎನ್ನುವುದು ಸಂಗಣ್ಣ ಒಬ್ಬರೇ ಹೇಳಬಹುದು, ಆದರೆ ನಿಲ್ಲಿಸು ಎಂದು ಯಾರು ಹೇಳಿದರೂ ಆಪರೇಟರ್ ಕೇಳಲೇಬೇಕು.

"ಕೈ ಬಿಡ್ರೀ ಮೇಡಮ್ಮಾರ, ನಮಗ ಕೆಲಸೈತಿ" ಎಂದರು ಸಂಗಣ್ಣ.

ಚಾರ್ಟನ್ನು ಊಟದ ಹೊತ್ತಿನಲ್ಲಿ ಪೂರ್ತಿ ಬಾಯಿಪಾಠ ಮಾಡಿದೆ. ಮನುಷ್ಯರ ಕೈಗಳಿಗೆ ಹೀಗೆ ಒಂದು ಚಾರ್ಟ್ ಇದ್ದರೆ ನನ್ನ ಅರ್ಧ ಆಯುಷ್ಯ ಉಳಿಯುತ್ತಿತ್ತು.

ಡಿಸೆಂಬರ್ 9, ಮಂಗಳವಾರ

ಕೈ ಹಿಂದೆ ಕಟ್ಟಿಕೊಂಡೆ. ಇನ್‌ಸ್ಪೆಕ್ಷನ್‌ಗೆ ಬಂದವರ ಹಾಗೆ ನಿಂತಿದ್ದೀರಿ, ಹುಡುಗರು ಹೆದರುತ್ತಾರೆ ಎಂದರು ಶಶಿಕುಮಾರ್. ಜೇಬಿನಲ್ಲಿ ಇಟ್ಟುಕೊಂಡೆ. ಜೇಬಿನಲ್ಲಿ ಕೈ ಇಟ್ಟು ಶೆಡ್ಡಿನಲ್ಲಿ ಓಡಾಡಬಾರದು, ಎಡವಿದರೆ ಮುಖ ಒಡೆಯುತ್ತದೆ, ಅದಕ್ಕೂ ಬೋರ್ಡಿದೆ. ಈಗ ಎಡಗೈಯಲ್ಲಿ ಒಂದು ರೈಟಿಂಗ್ ಪ್ಯಾಡ್ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಅದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ. ಪ್ಯಾಡಿನಲ್ಲಿ ಹಾಳೆ ಇಲ್ಲ, ಅದನ್ನು ಯಾರೂ ಕೇಳಲಿಲ್ಲ.

ಬೆರಳು ತಿರುಗಬೇಕು ಅನ್ನಿಸಿದಾಗ ಪ್ಯಾಡನ್ನು ಇನ್ನಷ್ಟು ಒತ್ತುತ್ತೇನೆ. ಸಂಜೆಗೆ ಹೆಬ್ಬೆರಳು ನೋಯುತ್ತದೆ. ಒಟ್ಟಿನಲ್ಲಿ ಉಪಾಯ ಫಲಿಸಿದೆ.

ಡಿಸೆಂಬರ್ 14, ಭಾನುವಾರ

ಮನೆ ಮಾಲೀಕರಾದ ಅಶ್ವತ್ಥಮ್ಮ ಅಂಗಳದಲ್ಲಿ ನೆನೆಸಿದ ಅವರೆಕಾಳಿನ ಟಬ್ಬು ಇಟ್ಟುಕೊಂಡು ಕೂತಿದ್ದರು. ನಾನು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದೆ. ರಜೆಯ ದಿನ, ಬೆರಳನ್ನು ಅದರ ಪಾಡಿಗೆ ಬಿಟ್ಟಿದ್ದೆ. ಅವರು ನೋಡಿದರು. ಚೀಲ ಒಳಗಿತ್ತು. ಈಗ ಇವರೂ ಕೇಳುತ್ತಾರೆ ಎಂದುಕೊಂಡೆ.

"ಬಾಮ್ಮಿ ಇಲ್ಲಿ. ಕೈ ಸುಮ್ಕಿರಾಕಿಲ್ಲ ನಿಂಗೆ, ಒಳ್ಳೇದೇ ಆಯ್ತು. ಈ ಬೇಳೆ ಇದುಕು" ಎಂದರು.

ಹಿತಕಿದೆ. ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರಿ ಬೀಳುತ್ತದೆ. ಮತ್ತೊಂದು. ಮತ್ತೊಂದು. ಇಂಥ ಕೆಲಸ ಲೋಕದಲ್ಲಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಟಬ್ಬು ಖಾಲಿಯಾಗುವವರೆಗೂ ಏಳಲಿಲ್ಲ. ಈ ಓಣಿಯಲ್ಲಿ ಹೊಲವಿದ್ದ ಕಾಲದ ಅವರೆಯ ಬಗ್ಗೆ ಅಶ್ವತ್ಥಮ್ಮ ಮಾತಾಡುತ್ತಲೇ ಇದ್ದರು. ನಾನು ಅವರ ಮುಖ ನೋಡಲಿಲ್ಲ, ಅವರಿಗೂ ಬೇಳೆಯ ಮೇಲೇ ಕಣ್ಣು. ಸೊಸೆಗೆ ನನ್ನಂಥ ಕೈ ಇಲ್ಲವೆಂದು ಬೇಸರಪಟ್ಟರು. ನನಗೆ ಖುಷಿಯಾಯಿತು.

ಡಿಸೆಂಬರ್ 18, ಗುರುವಾರ

ಇವತ್ತು ಇಡೀ ದಿನ ಕೈ ಆಡಲಿಲ್ಲ. ಶಶಿಕುಮಾರ್ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಚಾರ್ಟಿನ ಪ್ರಕಾರ ಅದು ಬೂಮ್, ಅಂದರೆ ಕ್ರೇನಿನ ಉದ್ದ ತೋಳು, ಎತ್ತು ಎಂಬ ಸನ್ನೆ. ನಮ್ಮ ಕ್ರೇನಿಗೆ ಬೂಮ್ ಇಲ್ಲ, ಆದ್ದರಿಂದ ಮೆಚ್ಚುಗೆ ಎಂದು ತಿಳಿದುಕೊಂಡೆ.

ಊಟ ಡಬ್ಬಿಯಲ್ಲೇ ಉಳಿಯಿತು.

ಡಿಸೆಂಬರ್ 19, ಶುಕ್ರವಾರ

ಆಡಲಿಲ್ಲ. ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಿದ್ದೇನೆ. ಸಾರು ತಾಗಿದರೆ ಉರಿಯುತ್ತದೆ.

ಡಿಸೆಂಬರ್ 20, ಶನಿವಾರ

ಆಡಲಿಲ್ಲ.

ಡಿಸೆಂಬರ್ 23, ಮಂಗಳವಾರ

ಎರಡು ಟ್ಯಾಂಕಿಗೆ ಒಂದೇ ನಂಬರ್ ಬರೆದೆ. ಈ ಕೆಲಸಕ್ಕೆ ಸೇರಿದ ಮೇಲೆ ಇದು ನನ್ನ ಮೊದಲ ತಪ್ಪು. ಲಾರಿಗೆ ಹತ್ತಿಸುವ ಮೊದಲು ಸಂಗಣ್ಣ ನೋಡಿದರು. ಶಶಿಕುಮಾರ್ ಬೈಯಲಿಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ, ಕೈ ಮಾತ್ರ ಈಗ ಸಖತ್ತಾಗಿ ಕಂಟ್ರೋಲಿಗೆ ಬಂದಿದೆ ಎಂದು ಬೆನ್ನು ತಟ್ಟಲು ಬಂದು, ಏನನ್ನಿಸಿತೋ, ಮೇಜು ತಟ್ಟಿದರು.

ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ವಿಡಿಯೊ ಹಾಕಿದ್ದರು, ಮಗು ಅಳುತ್ತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಚೀಲದ ಕೆಳಗಿನ ಒಂದು ಬೆರಳು ಸಾಲದಾಯಿತು. ಅರ್ಧ ದಾರಿಯಲ್ಲೇ ಇಳಿದು, ನಿಲ್ದಾಣದ ಹಿಂದೆ ಗೋಡೆಗೆ ಮುಖ ಮಾಡಿ ಎರಡೂ ಕೈ ಬಡಿದೆ, ಮುಂದಕ್ಕೂ ಹಿಂದಕ್ಕೂ ತೂಗಾಡಿದೆ. ಒಬ್ಬ ಆಟೋದವನು ಗಾಡಿ ನಿಲ್ಲಿಸಿ, ಅಕ್ಕಾ ಆಂಬುಲೆನ್ಸ್ ಕರೀಲಾ ಎಂದ. ಬೇಡ ಎನ್ನಬೇಕಿತ್ತು, ಮಾತು ಬರಲಿಲ್ಲ. ತಲೆ ಅಲ್ಲಾಡಿಸಿದೆ. ಅವನು ಹೋಗದೆ ಸ್ವಲ್ಪ ದೂರದಲ್ಲಿ ಕೂತು, ಬೇರೆ ಕಡೆ ನೋಡುತ್ತ ಬೀಡಿ ಸೇದಿ, ನಾನು ನಿಂತ ಮೇಲೆ ಹೋದ. ನನಗೆ ಬಹಳ ಅವಮಾನವಾಯಿತು. ಅವನ ಮೇಲೆ ಸಿಟ್ಟೇನೂ ಇಲ್ಲ.

ಮನೆಗೆ ಬಂದ ಮೇಲೂ ಮಾತಿಲ್ಲ. ಅಶ್ವತ್ಥಮ್ಮ ಬಾಗಿಲು ಬಡಿದರು, ಏನು ಹೇಳಲೂ ಆಗಲಿಲ್ಲ. ಸಾರಿನ ಪಾತ್ರೆಯನ್ನು ಹೊಸ್ತಿಲಲ್ಲಿಟ್ಟು, ಇಟ್ಟಿದ್ದೇನೆ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋದರು.

ಕೈ ಮಾತ್ರ ಕೆಲಸದ ಹೊತ್ತಿನಲ್ಲಿ ಆಡಲಿಲ್ಲ. ಅದನ್ನು ಬರೆಯಲು ಮರೆತಿದ್ದೆ.

ಡಿಸೆಂಬರ್ 27, ಶನಿವಾರ

ಆಡಿತು. ತಪ್ಪು ನನ್ನದೇ.

ಶೆಡ್ಡಿನ ಹಿಂದಿನ ಮೂಲೆಯಲ್ಲಿ ತಯಾರಾದ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಒಂದೊಂದೂ ಎರಡಾಳು ಎತ್ತರ. ಅವುಗಳ ಹಿಂದೆ ಹೋಗಿ ನಂಬರ್ ಬರೆಯುತ್ತಿದ್ದೆ. ಗೋಡೆಗೂ ಟ್ಯಾಂಕಿಗೂ ನಡುವೆ ಒಂದು ಓಣಿಯಷ್ಟು ಜಾಗ. ಅಲ್ಲಿ ನಿಂತರೆ ಟ್ಯಾಂಕುಗಳ ಸಂದಿಯಿಂದ ನನಗೆ ಶೆಡ್ಡೆಲ್ಲ ಕಾಣುತ್ತದೆ, ಶೆಡ್ಡಿನಲ್ಲಿ ಇರುವವರಿಗೆ ನಾನು ಕಾಣುವುದಿಲ್ಲ. ಪ್ಯಾಡನ್ನು ಯಾವಾಗ ಕೆಳಗಿಟ್ಟೆನೋ ಗೊತ್ತಿಲ್ಲ. ಬೆರಳು ತಿರುಗುತ್ತಿತ್ತು. ಬಲಗೈ ಅದರ ಪಾಡಿಗೆ ಬರೆಯುತ್ತಿತ್ತು, ಅಕ್ಷರಗಳು ಅಚ್ಚು ಒತ್ತಿದಂತೆ ಬಂದವು.

ಹೀಗೆ ಮಾಡಬಾರದು. ನಾಳೆಯಿಂದ ಬಿಗಿಯಾಗಿರಬೇಕು. ನಾಳೆ ಭಾನುವಾರ, ಸೋಮವಾರದಿಂದ.

ಡಬ್ಬಿ ಖಾಲಿ ಮಾಡಿದೆ.

ಜನವರಿ 3, ಶನಿವಾರ

ವಾರವಿಡೀ ಆ ಮೂಲೆಯಲ್ಲೇ ಕೆಲಸ. ಸೋಮವಾರದ ವಿಷಯ ಸೋಮವಾರ ಮರೆತೇ ಹೋಯಿತು. ಶಶಿಕುಮಾರ್‌ಗೆ ಕಾಣುವ ಕಡೆ ನಾನು ಪ್ಯಾಡು ಹಿಡಿದ ಕಲ್ಲುಗೊಂಬೆ. ಆಡಿಟ್‌ಗೆ ನಮ್ಮ ಮೇಡಂ ರೆಡಿ ಎಂದು ಅವರು ಸಂಗಣ್ಣನಿಗೆ ಹೇಳಿದ್ದು ಕೇಳಿಸಿತು. ಮೋಸ ಮಾಡುತ್ತಿದ್ದೇನೆ ಎಂದು ಗೊತ್ತಿದೆ.

ಊಟದ ಹೊತ್ತಿನಲ್ಲಿ ಯಮನೂರ ಕಟಿರೊಟ್ಟಿ, ಶೇಂಗಾ ಚಟ್ನಿ ತಂದು ನನ್ನ ಎದುರಿನ ಕಟ್ಟೆಯ ಮೇಲೆ ಕೂತ. ಒಂದು ರೊಟ್ಟಿ ನನ್ನ ಡಬ್ಬಿಯ ಮುಚ್ಚಳದ ಮೇಲಿಟ್ಟ. ಸ್ವಲ್ಪ ಹೊತ್ತು ತಿಂದು, ಆ ಮೂಲೆಯಲ್ಲಿ ಗಾಳಿ ಚೆನ್ನಾಗಿದೆಯೇ ಎಂದು ಕೇಳಿದ. ಸುತ್ತಲೂ ನೋಡಿಕೊಂಡಿದ್ದೆ. ಮೇಲೆ ನೋಡಿಕೊಂಡಿರಲಿಲ್ಲ.

"ಮ್ಯಾಲಿಂದ ಎಲ್ಲಾ ಕಾಣ್ತೈತ್ರಿ ಅಕ್ಕಾರ" ಎಂದ. "ಮಾರಿ ಒಂದ್ ಕಾಣೂದಿಲ್ಲ. ಹೆಲ್ಮೆಟ್ ಕಾಣ್ತಾವು, ಕೈ ಕಾಣ್ತಾವು. ಅಷ್ಟ."

ಯಾರಿಗೂ ಹೇಳಬೇಡ ಎಂದು ಬೇಡಿಕೊಂಡೆ. ಹೇಳಲು ಏನಿದೆ ಎಂದು ಅವನು ಕೇಳಿದ. ಬೆಳಿಗ್ಗೆ ಕ್ಯಾಬಿನ್ ಹತ್ತಿದೊಡನೆ ಮೊದಲು ಆ ಮೂಲೆಯನ್ನು ನೋಡುತ್ತಾನಂತೆ. ಬೆರಳು ತಿರುಗುತ್ತಿದ್ದರೆ ಶೆಡ್ಡಿನಲ್ಲಿ ಎಲ್ಲ ಸುರಳೀತ ಇದೆ ಎಂದು ಲೆಕ್ಕ. ಡಿಸೆಂಬರಿನಲ್ಲಿ ಅದು ನಿಂತಿದ್ದಾಗ ತನಗೂ ಕೈ ಓಡುತ್ತಿರಲಿಲ್ಲ, ಗಡಿಯಾರ ನಿಂತ ಮನೆಯಲ್ಲಿ ಕೂತ ಹಾಗೆ ಆಗುತ್ತಿತ್ತು ಎಂದ.

ನಾನು ರೊಟ್ಟಿ ಮುಗಿಸಿದೆ. ಮುಖ ಕಾಣದ ಎತ್ತರದಿಂದ ಜನರನ್ನು ನೋಡುವುದು ಒಳ್ಳೆಯ ಏರ್ಪಾಡು. ಆ ಕ್ಯಾಬಿನ್ನಿನಲ್ಲಿ ಇಬ್ಬರಿಗೆ ಜಾಗವಿಲ್ಲ ಎಂದು ಅವನೇ ಹೇಳಿದ, ನಾನು ಕೇಳಿರಲಿಲ್ಲ.

ಜನವರಿ 13, ಮಂಗಳವಾರ

ಆಡಿಟ್ ಮಾಡಲು ಗಿರಾಕಿ ಕಂಪನಿಯಿಂದ ಶೋಭಾರಾಣಿ ಎಂಬವರು ಬಂದಿದ್ದರು. ಬಿಳಿ ಹೆಲ್ಮೆಟ್ಟು, ಮಾತು ಕಡಿಮೆ. ಮೊದಲೇ ಹೇಳಿದ್ದಂತೆ ನಾನು ಹಿಂದಿನ ಮೂಲೆಯಲ್ಲಿ ಬರೆಯುತ್ತಿದ್ದೆ. ಮುಂದೆ ನಿಂತು ಏನಾದರೂ ಕೇಳಿಸಿಕೊಳ್ಳುವುದು ಬೇಡ ಎಂದು ಶಶಿಕುಮಾರ್ ಅವರೇ ಕಳಿಸಿದ್ದರು.

ಕ್ರೇನ್ ಒಂದು ದೊಡ್ಡ ಟ್ಯಾಂಕನ್ನು ಅಡ್ಡಲಾಗಿ ಹೊತ್ತು ತರುತ್ತಿತ್ತು. ಸಂಗಣ್ಣ ಅದರ ಆಚೆ ಬದಿಯಲ್ಲಿದ್ದರು. ಈಚೆ ಬದಿಯಲ್ಲಿ ಶಶಿಕುಮಾರ್, ಆ ಮೇಡಂಗೆ ಮುಖ ಮಾಡಿಕೊಂಡು, ಕೈ ಚಾಚಿ ಚಾಚಿ ತೋರಿಸುತ್ತ, ಹಿಮ್ಮುಖವಾಗಿ ನಡೆದು ಬರುತ್ತಿದ್ದರು. ಹಳದಿ ಗೆರೆ ದಾಟಿದರು. ಟ್ಯಾಂಕ್ ಇಳಿಯಬೇಕಾದ ಜಾಗಕ್ಕೇ ಬಂದು ನಿಂತು, ಇನ್ನೂ ಏನನ್ನೋ ತೋರಿಸುತ್ತಿದ್ದರು. ಬಹುಶಃ ಗೋಡೆಯ ಮೇಲಿನ ಬೋರ್ಡು. ಆ ಮೇಡಂ ಕಣ್ಣೂ ಬೋರ್ಡಿನ ಮೇಲಿತ್ತು. ಸಂಗಣ್ಣನಿಗೆ ಟ್ಯಾಂಕ್ ಅಡ್ಡ. ಮೇಲಿನವನಿಗೂ ಟ್ಯಾಂಕ್ ಅಡ್ಡ. ಸಂಗಣ್ಣನ ಬೆರಳು ಇಳಿಸು ಎನ್ನುತ್ತಿತ್ತು.

ನಾನು ನೋಡಿದೆ. ನನಗೆ ಚಾರ್ಟ್ ಪೂರ್ತಿ ಬಾಯಿಪಾಠ. ಎರಡು ಕೈ ಹೆಣೆದರೆ ಸಾಕು, ನಿಲ್ಲಿಸು ಎಂದು ಯಾರು ಬೇಕಾದರೂ ಹೇಳಬಹುದು. ಕೂಗಬಹುದಿತ್ತು. ಬಾಯಿ ತೆರೆದಿತ್ತು, ಒಳಗಿನಿಂದ ಏನೂ ಬರಲಿಲ್ಲ. ಕೈ ಎತ್ತು ಎಂದರೆ ಕೈ ಏಳಲಿಲ್ಲ. ಬ್ರಷ್ ಬಿತ್ತು. ಕಂಬದ ಹಾಗೆ ನಿಂತೆ. ಇಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಕ್ರೇನ್ ನಿಂತಿತು.

ಸಂಗಣ್ಣನ ಬೆರಳು ಇನ್ನೂ ತಿರುಗುತ್ತಿತ್ತು, ಆದರೂ ನಿಂತಿತು. ಟ್ಯಾಂಕ್ ಶಶಿಕುಮಾರ್ ಅವರ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ತೂಗುತ್ತಿತ್ತು. ಮಾತಾಡುತ್ತಲೇ ಅವರು ಮೇಲೆ ನೋಡಿದರು. ಆಮೇಲೆ ಮಾತು ನಿಲ್ಲಿಸಿ ಬಹಳ ಮೆಲ್ಲಗೆ ಪಕ್ಕಕ್ಕೆ ಸರಿದರು.

ಶೋಭಾರಾಣಿ ಮೇಡಂ ನಿಲ್ಲಿಸು ಎಂದು ಸನ್ನೆ ಕೊಟ್ಟವರು ಯಾರು ಎಂದು ಕೇಳಿದರು. ಸಂಗಣ್ಣ ತಾನಲ್ಲ, ತನಗೆ ಕಾಣಲೇ ಇಲ್ಲ ಎಂದರು. ಟ್ಯಾಂಕನ್ನು ನೆಲಕ್ಕಿಳಿಸಿದ ಮೇಲೆ ಯಮನೂರನನ್ನು ಕೆಳಗೆ ಕರೆಸಿದರು. ಅವನು ನನ್ನ ಕಡೆ ತೋರಿಸಿದ. ನಾನು ಈಚೆ ಬಂದೆ. ಯಾವ ಸನ್ನೆ ಕೊಟ್ಟಿರಿ ಎಂದು ಆ ಮೇಡಂ ಪೆನ್ನು ತೆಗೆದರು.

ಸುಳ್ಳು ಹೇಳಬಹುದಿತ್ತು. ನನಗೆ ಮಾತು ಆಗಷ್ಟೇ ವಾಪಸು ಬಂದಿತ್ತು, ಅದನ್ನು ಸುಳ್ಳಿಗೆ ಖರ್ಚು ಮಾಡಲು ಆಗಲಿಲ್ಲ. ಯಾವುದೂ ಕೊಡಲಿಲ್ಲ, ಕೊಡಬೇಕಿತ್ತು, ಕೈ ಏಳಲಿಲ್ಲ ಎಂದೆ.

"ಅದ ರೀ ಮೇಡಮ್ಮಾರ" ಎಂದ ಯಮನೂರ. "ಅಕ್ಕಾರ ಕೈ ನಿಂತಿತ್ತು. ಆ ಕೈಬಟ್ಟು ನಿಂದ್ರೂದಿಲ್ಲ. ನಿಂತೈತಿ ಅಂದ್ರ ಕೆಳಗ ಏನೋ ಆಗೈತಿ ಅಂತ ನಾನೂ ನಿಂತೆ."

"ಅವರ ಕೈ ನಿಂತು ತಿಂಗಳಾಯ್ತಲ್ಲಪ್ಪಾ" ಎಂದರು ಶಶಿಕುಮಾರ್.

"ಅದು ನಿಮಗ ರೀ ಸರ್. ನಾ ಮ್ಯಾಲ ಇರ್ತೀನಿ."

ಯಮನೂರ ಒಳ್ಳೆಯದನ್ನೇ ಹೇಳಿದ, ನನ್ನ ಗುಟ್ಟೂ ಅದರ ಜೊತೆಗೆ ಹೋಯಿತು. ಶೋಭಾರಾಣಿ ಮೇಡಂ ಪೆನ್ನು ಹಿಡಿದುಕೊಂಡೇ ಇದ್ದರು, ಅದನ್ನು ಯಾವ ಹೆಸರಿನಲ್ಲಿ ಬರೆಯಬೇಕೋ ತಿಳಿಯದೆ. ಶಶಿಕುಮಾರ್ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಅದು ಆಗಲೇ ತಿರುಗಲು ಶುರು ಮಾಡಿತ್ತು. ಪ್ಯಾಡು ಮೂಲೆಯಲ್ಲೇ ಉಳಿದಿತ್ತು.

ನಾಳೆ ಬೆಳಿಗ್ಗೆ ಬನ್ನಿ, ಮಾತಾಡಬೇಕು ಎಂದರು. ಎಲೆಕ್ಟ್ರಾನಿಕ್ ಸಿಟಿಗೆ ಇಲ್ಲಿಂದ ಮೆಟ್ರೋದಲ್ಲಿ ಹೇಗೆ ಹೋಗುವುದೆಂದು ನೋಡಿಟ್ಟುಕೊಂಡಿದ್ದೇನೆ. ಒಂದು ಕಡೆ ಬದಲಿಸಬೇಕು.

ಜನವರಿ 14, ಬುಧವಾರ

ಹೊಸ ಕುರ್ಚಿ ಕಬ್ಬಿಣದ್ದು. ಶಶಿಕುಮಾರ್ ನನ್ನನ್ನು ಅದರ ಮೇಲೆ ಕೂರಿಸಿ, ತಾವು ನಿಂತುಕೊಂಡರು. ರಾತ್ರಿ ನಿದ್ದೆ ಬರಲಿಲ್ಲ ಎಂದರು. ಹೆಂಡತಿಗೆ ಹೇಳಿಲ್ಲ ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ನಿಜವಾಗಲೂ ಅದೇನು ಎಂದು ಕೇಳಿದರು. ಹೇಳಿಬಿಟ್ಟೆ. ಆಟಿಸಂ ಎಂದೆ.

"ಅದು ಮಕ್ಕಳಿಗಲ್ವಾ ಮೇಡಂ ಬರೋದು?"

"ಮಕ್ಕಳು ದೊಡ್ಡವರಾಗ್ತಾರೆ ಸರ್."

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. ಎಲೆಕ್ಟ್ರಾನಿಕ್ ಸಿಟಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದರು. ಸಂಗಣ್ಣನ ವೃತ್ತದಲ್ಲಿ ಮಾತ್ರ ಕಾಲಿಡಬಾರದು, ಉಳಿದ ಕಡೆ ಕೈ ಹೇಗೆ ಬೇಕಾದರೂ ಇರಲಿ. ಶೋಭಾರಾಣಿ ಮೇಡಂ ಹೇಳಿದ್ದಾರೆಂದು ನನಗೊಂದು ಸೀಟಿಯನ್ನೂ ಕೊಟ್ಟರು. ಸೀಟಿಯ ಸದ್ದು ನನಗೆ ಆಗುವುದಿಲ್ಲ. ಊದುವ ಪ್ರಸಂಗ ಬಂದರೆ ಮೊದಲು ನಾನೇ ಕಿವಿ ಮುಚ್ಚಿಕೊಳ್ಳಬೇಕು, ಆಗ ಊದಲು ಕೈ ಇರುವುದಿಲ್ಲ. ಇದನ್ನು ಹೇಳಲಿಲ್ಲ, ಒಂದು ದಿನಕ್ಕೆ ಇಷ್ಟು ಸಾಕು.

ಮಧ್ಯಾಹ್ನ ಅಶ್ವತ್ಥಮ್ಮನ ಹಿತಕಿದ ಬೇಳೆ ಸಾರನ್ನು ಯಮನೂರನಿಗೂ ಕೊಟ್ಟೆ. ಭಾನುವಾರ ಕೂತು ಈ ಬೇಳೆ ಬಿಡಿಸಿದವಳು ನಾನೇ ಎಂದೆ. ಅದು ಗೊತ್ತಾಗುತ್ತದೆ, ಒಂದೂ ಮುರಿದಿಲ್ಲ ಎಂದ.

ಮನೆಗೆ ಬಂದು ಡಬ್ಬಿ ತೊಳೆಯಲು ಹುಡುಕಿದರೆ ಡಬ್ಬಿ ಇಲ್ಲ. ಚೀಲವೂ ಇಲ್ಲ. ಎರಡೂ ಕಾರ್ಖಾನೆಯ ಮೊಳೆಗೆ ತಗಲಿಕೊಂಡೇ ಇವೆ. ಮೊಬೈಲು, ಬೀಗದ ಕೈ ಜೇಬಿನಲ್ಲಿದ್ದವು, ಹಾಗಾಗಿ ತಿಳಿಯಲಿಲ್ಲ. ಬಸ್ಸು ತುಂಬಿತ್ತು, ಕಿಟಕಿಯ ಪಕ್ಕ ಕೂತು ಬಂದೆ. ಪಕ್ಕದಲ್ಲಿ ಯಾರು ಕೂತಿದ್ದರೋ, ಬೆರಳು ನೋಡಿದರೋ ಇಲ್ಲವೋ ನೆನಪಾಗುತ್ತಿಲ್ಲ.

ನಾಳೆ ಸಂಕ್ರಾಂತಿ, ರಜೆ. ಡಬ್ಬಿಯ ತಳದಲ್ಲಿ ಸಾರು ಸ್ವಲ್ಪ ಉಳಿದಿತ್ತು. ಶುಕ್ರವಾರ ತೆರೆದಾಗ ವಾಸನೆ ಬಂದಿರುತ್ತದೆ. ಇನ್ನು ಮೇಲೆ ಇಂಥದ್ದರಲ್ಲಿ ಎಚ್ಚರವಾಗಿರಬೇಕು.